ಅತ್ತೆಯ ಶನಿವಾರ, ಸಿಂಗಾಪುರದ ಸಂಡಿಗೆ

ಮೂರು ವರ್ಷದ ಹಿಂದಿನ ಮಾತು. ಬ್ರಹ್ಮಾವರದಿಂದ ತ್ರಾಸಿಗೆ ಸೊಸೆಯಾಗಿ ಬಂದು ನನಗೆ ಆಗಷ್ಟೇ ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳಲ್ಲಿ ಅತ್ತೆ ನನ್ನ ಅಡುಗೆಯನ್ನು ಒಮ್ಮೆಯೂ ಹೊಗಳಿರಲಿಲ್ಲ. ಬೈದೂ ಇರಲಿಲ್ಲ. ಒಂದು ತುತ್ತು ಬಾಯಿಗಿಟ್ಟು "ಹ್ಞೂಂ, ಅಡ್ಡಿಲ್ಲೆ" ಎನ್ನುತ್ತಿದ್ದರು. ಅದನ್ನು ಕೇಳಿ ಕೇಳಿ, ಇದಕ್ಕಿಂತ ಬೈದರೇ ವಾಸಿ ಅನಿಸಿಬಿಟ್ಟಿತ್ತು ನನಗೆ.

ಅತ್ತೆಯದು ಮೀನಿನ ವ್ಯಾಪಾರ. ಬುಟ್ಟಿಯ ಮುಚ್ಚಳ ತೆಗೆಯುವ ಮೊದಲೇ ಒಳಗೆ ಯಾವ ಮೀನಿದೆ ಎಂದು ಮೂಗಿನಲ್ಲೇ ಹೇಳುವವರು. ಆದರೆ ಶನಿವಾರ ಮೀನು ಮಾರುತ್ತಾರೆಯೇ ಹೊರತು ತಿನ್ನುವುದಿಲ್ಲ. ಒಮ್ಮೆ ದೋಣಿ ಮಗುಚಿ ಮಾವ ಹೇಗೋ ಬದುಕಿ ಬಂದರಂತೆ. ಅವತ್ತು ಹಿಡಿದ ವ್ರತ ಅದು. ಮಾವ ಈಗಿಲ್ಲ, ಕಡಲಿಗೆ ಹೋಗುವವರು ನನ್ನ ಗಂಡ. ಹಾಗಾಗಿ ಆ ಶನಿವಾರಗಳೆಲ್ಲ ಈಗ ಇವರ ಹೆಸರಿನಲ್ಲಿ ನಡೆಯುತ್ತಿವೆ.

ಒಂದು ಶುಕ್ರವಾರ ಸಿಂಗಾಪುರದ ಹೋಟೆಲಿನಲ್ಲಿ ಕೆಲಸ ಮಾಡುವ ನನ್ನ ಮೈದುನ ಪ್ರಸಾದ ರಜೆಗೆ ಬಂದ. ಚೈನೀಸ್ ಎಂದರೆ ಅಲ್ಲಿಯವರೆಗೆ ನನಗೆ ಕುಂದಾಪುರ ಪೇಟೆಯ ಗೋಬಿ ಮಂಚೂರಿ, ಅಷ್ಟೆ. ಅವನ ಬ್ಯಾಗ್ ಬಿಚ್ಚಿದಾಗ ನನಗೆ ಜಾತ್ರೆಗೆ ಹೋದ ಮಗುವಿನಷ್ಟು ಸಂಭ್ರಮ. ಮೆಣಸು, ಉಪ್ಪು ಸವರಿದ ಒಣ ಮಾವು, ಎಳ್ಳಿನ ಹೂರಣ ತುಂಬಿದ ಮೆತ್ತಗಿನ ಅಕ್ಕಿ ಉಂಡೆ, ಕಪ್ಪು ಕಾಗದದಂಥ ಕಡಲ ಪಾಚಿಯ ಹಾಳೆ. ಆ ಹಾಳೆ ಕಂಡು ನನ್ನ ಗಂಡ, "ಎಂತದಾ ಇದ್? ಬಲಿಗ್ ಸಿಕ್ರೆ ನಾವ್ ಬಿಸಾಡುದನ್ನ ನೀ ವಿಮಾನದಲ್ ಹೊತ್ಕಂಡ್ ಬಂದ್ಯಾ?" ಎಂದರು. ನಾನು ಮಾತ್ರ ಮೂರು ಹಾಳೆ ಖಾಲಿ ಮಾಡಿದೆ. ಅತ್ತೆ ಒಂದನ್ನೂ ಮುಟ್ಟಲಿಲ್ಲ.

ವಿಮಾನದಲ್ಲಿ ತೂಕ ಹೆಚ್ಚಾಗುತ್ತದೆಂದು ಪ್ರಸಾದ ಡಬ್ಬಿಗಳನ್ನೆಲ್ಲ ಅಲ್ಲೇ ಬಿಸಾಡಿ, ತಿಂಡಿಗಳನ್ನು ಹೆಸರೂ ಇಲ್ಲದ ಬರಿಯ ಪ್ಲಾಸ್ಟಿಕ್ ಕವರಿಗೆ ತುಂಬಿಸಿದ್ದ. ಎಲ್ಲ ಎಡವಟ್ಟಿಗೂ ಅದೇ ಮೂಲ.

ಮರುದಿನ ಶನಿವಾರ ಅವನು ತಲ್ಲೂರಿನ ಗೆಳೆಯನ ಮನೆಗೆ ಹೋದ. ಮಧ್ಯಾಹ್ನಕ್ಕೆ ನಾನು ತೊವ್ವೆ, ಹರಿವೆ ಪಲ್ಯ ಮಾಡಿದ್ದೆ. ಮೀನಿಲ್ಲದ ಊಟಕ್ಕೆ ಕೂರುವಾಗ ಅತ್ತೆಯ ಮುಖ ಯಾವಾಗಲೂ ಸಪ್ಪಗಿರುತ್ತದೆ. ಕರುಮ್ ಕುರುಮ್ ಏನಾದರೂ ಇರಲಿ ಎಂದು ಕವರುಗಳಲ್ಲಿ ಹುಡುಕಿದೆ. ತೆಳು ಗುಲಾಬಿ ಬಣ್ಣದ, ಗಟ್ಟಿ ಬಿಲ್ಲೆಗಳು ಸಿಕ್ಕವು. ನೋಡಿದರೆ ಸಾಕ್ಷಾತ್ ಸಬ್ಬಕ್ಕಿ ಸಂಡಿಗೆ. ಎಣ್ಣೆಗೆ ಬಿಟ್ಟದ್ದೇ ತಡ, ಬುಸ್ಸೆಂದು ಉಬ್ಬಿ ಅಂಗೈ ಅಗಲ ಆದವು. ವಾಸನೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಅಂಗಳದಲ್ಲಿ ಮೀನಿನ ಬುಟ್ಟಿ, ಮಾಡಿನ ಮೇಲೆ ಒಣಮೀನು. ನಮ್ಮ ಮನೆಯಲ್ಲಿ ಮೀನಿನ ವಾಸನೆ ಬರದಿದ್ದರೆ ಗಾಬರಿಯಾಗಬೇಕು.

ಅತ್ತೆ ಒಂದನ್ನು ಕಚ್ಚಿದರು. ಒಂದು ಕ್ಷಣ ಜಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ, "ಹೆಣೆ, ಲಾಯ್ಕಿತ್ ಕಾಣ್. ಇನ್ನೊಂದ್ ಹಾಕ್" ಎಂದರು. ಲಾಯ್ಕಿತ್! ಚೆನ್ನಾಗಿದೆಯಂತೆ! ಎಂಟು ತಿಂಗಳ ಉಪವಾಸ ಮುರಿದಂತಾಯಿತು ನನಗೆ. ಕವರಿನಲ್ಲಿದ್ದ ಹನ್ನೊಂದನ್ನೂ ಅವರೇ ತಿಂದರು, ನನ್ನ ಬಾಯಿಗೆ ಒಂದೂ ಬರಲಿಲ್ಲ. ಹಿಗ್ಗಿನಲ್ಲಿ ನಾನೇ ಎಣಿಸಿದ್ದೆ.

ಸಂಜೆಗೆ ಪ್ರಸಾದ ವಾಪಸು ಬಂದ. ಅತ್ತೆ ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದರು. ಅಡುಗೆಮನೆಯ ಖಾಲಿ ಕವರ್ ನೋಡಿ, "ಅತ್ಗೆ, ಚಟ್ಲಿ ಹಪ್ಪಳ ಇಷ್ಟ್ ಬೇಗ ಖಾಲಿ ಆಯ್ತಾ? ನಂಗೆ ಒಂದೂ ಇಲ್ಯಾ?" ಎಂದ.

"ಎಂತ ಹಪ್ಪಳ?"

"ಚಟ್ಲಿ. ಸಿಗಡಿ ಅರ್ದ್ ಹಿಟ್ಟಿಗ್ ಸೇರ್ಸಿ ಮಾಡುದ್ ಅದ್."

ಮರುದಿನ ಬೆಳಗಿನ ಜಾವ ಇವರು ಕಡಲಿಗೆ ಹೊರಡುವವರಿದ್ದರು. ಅಷ್ಟು ವರ್ಷ ಒಂದು ಚೂರು ಮೀನು ಮುಟ್ಟದ ಶನಿವಾರವನ್ನು ಹನ್ನೊಂದು ಸಿಗಡಿ ಹಪ್ಪಳ ಹಾಕಿ ಕೆಡಿಸಿದ್ದೆ ನಾನು. ಹೇಳಿದರೆ ಇವತ್ತಷ್ಟೇ ಸಿಕ್ಕ "ಲಾಯ್ಕಿತ್" ಹೋಗುತ್ತದೆ. ಹೇಳದೆ ಇದ್ದು ಕಡಲಿನಲ್ಲಿ ಇವರಿಗೇನಾದರೂ ಆದರೆ? ನೆನೆದೇ ಕಣ್ಣಲ್ಲಿ ನೀರು ಬಂತು.

ನಮ್ಮ ಕಡೆ ತಪ್ಪಾದರೆ ಅರಿಶಿನದ ನೀರಲ್ಲಿ ಅದ್ದಿದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಮುಂದೆ ತಪ್ಪುಕಾಣಿಕೆ ಇಡುವುದುಂಟು. ಗುಟ್ಟಾಗಿ ಒಂದು ನಾಣ್ಯ ಕಟ್ಟಿ, ದೀಪದ ಹಿಂದೆ ಬಚ್ಚಿಡಲು ಕೈ ಹಾಕಿದೆ. ಅಲ್ಲಿ ಆಗಲೇ ಇನ್ನೊಂದು ಗಂಟು ಇತ್ತು. ಅರಿಶಿನದ ನೀರು ಇನ್ನೂ ಆರಿರಲಿಲ್ಲ.

"ಅದ್ ನಂದ್" ಎಂದಿತು ಹಿಂದಿನಿಂದ ಅತ್ತೆಯ ದನಿ.

ನಾನು ಅಳುತ್ತ ಎಲ್ಲವನ್ನೂ ಹೇಳಿದೆ. ಅತ್ತೆ ಸೊಂಟದ ಮೇಲೆ ಕೈ ಇಟ್ಟು ಕೇಳಿಸಿಕೊಂಡರು. "ನಲ್ವತ್ ವರ್ಷ ಮೀನ್ ಮಾರಿದ್ ನಾನ್. ಚಟ್ಲಿ ರುಚಿ ನಂಗೆ ಗೊತ್ತಾತಿಲ್ಯಾ? ಮೊದಲ್ನೇ ತುತ್ತಿಗೇ ಗೊತ್ತಾಯ್ತ್."

"ಮತ್ತೆ ಯಾಕೆ ಹೇಳ್ಲಿಲ್ಲ ಅತ್ತೆ?"

"ಅಷ್ಟ್ ಆಸಿಯಲ್ ನೀ ಹುರ್ದ್ ತಂದ್ ನಿಂತಿದ್ದೆ. ಹೇಳಿರೆ ನೀ ಕಣ್ಣೀರ್ ಹಾಕಿ ಮರ್ಕುದಿಲ್ಯಾ? ದೇವ್ರಿಗೆ ಕಾಣಿಕಿ ಹಾಕಿರೆ ಸಮಾಧಾನ ಆತ್ತ್. ನಿಂಗೆ ಎಂತ ಹಾಕುದ್?"

ಆದರೂ ಮನಸ್ಸಿನಲ್ಲಿ ಒಂದು ಸಂಶಯ ಉಳಿದಿತ್ತು. ಮೂಗು ಒರೆಸಿಕೊಂಡು ಕೇಳಿಯೇ ಬಿಟ್ಟೆ: "ಒಂದಕ್ಕೇ ಗೊತ್ತಾಗಿದ್ರೆ ಹನ್ನೊಂದು ಯಾಕೆ ತಿಂದ್ರಿ?"

ಅತ್ತೆ ಸೆರಗು ಸರಿಮಾಡಿಕೊಂಡರು. "ವ್ರತ ಮೊದಲ್ನೇದಕ್ಕೇ ಮುರ್ದ್ ಹೋಯ್ತಲೆ. ಮತ್ತೆ ಒಂದ್ ತಿಂದ್ರೂ ತಪ್ಪೇ, ಹನ್ನೊಂದ್ ತಿಂದ್ರೂ ಅದೇ ತಪ್ಪೇ. ರುಚಿಯಾರೂ ಸಿಕ್ಲಿ ಅಂದೆ."

ಇವರು ಮರುದಿನ ಕಡಲಿಗೆ ಹೋಗಿ ಸುಖವಾಗಿ ಬಂದರು. ಬಲೆ ತುಂಬ ಸಿಗಡಿ. "ಕಾಣ್, ದೇವ್ರಿಗೆ ಸಿಟ್ಟೇ ಬರ್ಲಿಲ್ಲೆ" ಎಂದರು ಅತ್ತೆ. ಎರಡು ಗಂಟನ್ನೂ ಇಬ್ಬರೂ ಹೋಗಿ ದೇವಸ್ಥಾನದ ಹುಂಡಿಗೆ ಹಾಕಿ ಬಂದೆವು.

ಈಗ ಪ್ರಸಾದ ಊರಿಗೆ ಬರುವಾಗಲೆಲ್ಲ ಚಟ್ಲಿ ಹಪ್ಪಳ ತರುತ್ತಾನೆ, ಡಬ್ಬಿ ಸಮೇತ. ಅತ್ತೆ ಭಾನುವಾರಕ್ಕೆ ಕಾದು ತಿನ್ನುತ್ತಾರೆ. ನನ್ನ ಸಾರಿಗೆ ಇವತ್ತಿಗೂ "ಅಡ್ಡಿಲ್ಲೆ" ಎಂದೇ ಹೇಳುವುದು. ನನಗೆ ಮೊದಲಿನ ಹಾಗೆ ಬೇಜಾರಾಗುವುದಿಲ್ಲ. ನಾನು ಅಳಬಾರದೆಂದು ತಮ್ಮ ಅಷ್ಟು ವರ್ಷದ ವ್ರತವನ್ನು ಬಾಯಿ ಮುಚ್ಚಿ ನುಂಗಿದವರು ಅವರು. ಇದಕ್ಕಿಂತ ದೊಡ್ಡ ಹೊಗಳಿಕೆ ನನಗಿನ್ನು ಯಾರಿಂದ ಬರಬೇಕು?