ಇಂಜಿನ್ನಿನಲ್ಲಿ ಉಳಿದ ನೀರು

ಏಪ್ರಿಲ್ ಮೊದಲ ವಾರ. ಮರೀನಾದ ಅಂಗಳದಲ್ಲಿ ಬೋಟುಗಳೆಲ್ಲ ಇನ್ನೂ ಬಿಳಿ ಪ್ಲಾಸ್ಟಿಕ್ ಸುತ್ತಿಕೊಂಡು ನಿಂತಿದ್ದವು. ಅವುಗಳಲ್ಲೊಂದರ ಹೊದಿಕೆ ಸರಿಸಿ ಒಳಗೆ ಹತ್ತಿ, ಇಂಜಿನ್ನಿನ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದೆ. ಅದರ ತುದಿಗೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣದ ಲೊಳೆ ಅಂಟಿಕೊಂಡು ಬಂತು. ಮಟ್ಟವೂ ಗುರುತಿಗಿಂತ ಎರಡು ಬೆರಳು ಮೇಲಿತ್ತು. ಆಯಿಲ್ ತಾನಾಗಿ ಹೆಚ್ಚುವ ವಸ್ತುವಲ್ಲ. ಅದಕ್ಕೆ ನೀರು ಸೇರಿದೆ ಎಂದು ತಿಳಿಯಲು ಇಂಜಿನಿಯರಿಂಗ್ ಓದಬೇಕಿಲ್ಲ, ನಾನಂತೂ ಓದಿದ್ದೆ. ಮೆಕ್ಯಾನಿಕಲ್ ಓದಿ ಮೂವತ್ತು ವರ್ಷ ಸಾಫ್ಟ್‌ವೇರ್ ಮಾಡಿದ ಜಾತಿಯವನು ನಾನು. ಸ್ಪ್ಯಾನರ್ ಹಿಡಿದದ್ದಕ್ಕಿಂತ ಅದರ ಬಗ್ಗೆ ಮಾತಾಡಿದ್ದೇ ಹೆಚ್ಚು.

ಬೋಟು ಭಾವನದು, ಅಂದರೆ ನನ್ನ ಅಕ್ಕನ ಗಂಡನದು. ಅವರ ಮನೆ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ. ಅಲ್ಲಿಂದ ಅರ್ಧ ಗಂಟೆ ದೂರದಲ್ಲಿ, ಕೊಲ್ಲಿಯ ದಂಡೆಯ ಈ ಮರೀನಾದಲ್ಲಿ ಬೋಟನ್ನು ಇಟ್ಟಿದ್ದರು. ಹೊಟ್ಟೆಯೊಳಗೇ ಇಂಜಿನ್ ಕೂರಿಸಿದ ಹಳೆಯ ಬೋಟು. ಸಮುದ್ರದ ನೀರನ್ನೇ ಎಳೆದುಕೊಂಡು ತಣ್ಣಗಾಗುವ ಇಂಜಿನ್ನು. ಚಳಿಗಾಲಕ್ಕೆ ಮುಂಚೆ ಆ ನೀರನ್ನು ಪೂರ್ತಿ ತೆಗೆಯದಿದ್ದರೆ ಅದು ಹೆಪ್ಪುಗಟ್ಟಿ, ಹಿಗ್ಗಿ, ಕಬ್ಬಿಣವನ್ನೇ ಸೀಳುತ್ತದೆ. ಇಪ್ಪತ್ತು ವರ್ಷ ಭಾವ ಆ ಕೆಲಸವನ್ನು ಬೇರೆಯವರ ಕೈಗೆ ಕೊಟ್ಟಿರಲಿಲ್ಲ. ಆಯುಧಪೂಜೆಯ ದಿನ ಇಂಜಿನ್ನಿಗೆ ಕುಂಕುಮ ಹಚ್ಚುತ್ತಿದ್ದರು, ಆಮೇಲೆ ಒಂದು ಶನಿವಾರ ಇಡೀ ದಿನ ಕೂತು ನೀರು ತೆಗೆಯುತ್ತಿದ್ದರು.

ಹಿಂದಿನ ವರ್ಷ ಕುಂಕುಮ ಹಚ್ಚಿದ ಎರಡು ವಾರಕ್ಕೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಎಂದು ತಿಳಿಯಿತು. ಬೇಸಿಗೆಯ ತನಕ ಎಂದರು ಡಾಕ್ಟರು. ಭಾವ ಅದನ್ನು ಅಳೆದದ್ದು ಬೋಟಿನಿಂದ: ಮೇ ತಿಂಗಳಲ್ಲಿ ನೀರಿಗಿಳಿಸಿದರೆ ಅಕ್ಕನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿಬರಬಹುದು. ನೀರೆಂದರೆ ಹೆದರಿ ಸಾಯುವ ಅಕ್ಕ ಅಷ್ಟು ವರ್ಷ ಒಮ್ಮೆಯೂ ಬೋಟು ಹತ್ತಿರಲಿಲ್ಲ. ಈ ಸಲ ಬರುತ್ತೇನೆ ಎಂದು ಒಪ್ಪಿದ್ದಳು.

ಹಾಗಾಗಿ ನವೆಂಬರಿನಲ್ಲಿ ನಾನಿರುವ ಹಿಕ್ಸ್‌ವಿಲ್‌ನಿಂದ ಹೋಗಿ ಆ ಕೆಲಸ ಮಾಡಿದವನು ನಾನು. ಹಿಂದಿನ ರಾತ್ರಿ ಭಾವ ಹೇಳಿಕೊಡಲು ಹೊರಟಾಗ, "ಅಯ್ಯೋ ಬಿಡಿ ಭಾವ, ವಿಡಿಯೋ ನೋಡಿದೀನಿ" ಎಂದು ಬಾಯಿ ಮುಚ್ಚಿಸಿದ್ದೆ. ಬಕೆಟ್ಟಿಗೆ ಚಳಿಗೆ ಹೆಪ್ಪುಗಟ್ಟದ, ಗುಲಾಬಿ ಬಣ್ಣದ ಆಂಟಿಫ್ರೀಜ್ ಸುರಿದು, ಪೈಪು ಸಿಕ್ಕಿಸಿ, ಇಂಜಿನ್ ಶುರು ಮಾಡಿದೆ. ಹಿಂದುಗಡೆ ಹೊಗೆಯ ಕೊಳವೆಯಿಂದ ಗುಲಾಬಿ ನೀರು ಬಂತು. ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಭಾವನ ಫೋನ್. ಕೀಮೋ ಹತ್ತಿಸಿಕೊಂಡು ಕೂತಿದ್ದರು.

"ನೀರು ಬಿಟ್ಯೇನೋ?"

"ಬಿಟ್ಟೆ ಭಾವ. ಪಿಂಕ್ ಆಚೆಗೂ ಬಂತು."

"ಸದ್ಯ," ಎಂದರು.

"ನೀರು ಬಿಟ್ಯೇನೋ" ಎಂಬ ಆ ಒಂದು ಮಾತನ್ನು ಎಷ್ಟು ಸಲ ತಿರುವಿ ಹಾಕಿದ್ದೇನೋ. ನಾನು ಹುಟ್ಟಿದ್ದು ಮೈಸೂರಿನ ವಠಾರದಲ್ಲಿ. ಅಲ್ಲಿ "ನೀರು ಬಿಟ್ರು" ಎಂದರೆ ನಲ್ಲಿಗೆ ನೀರು ಬಂತು, ಕೊಡ ತುಂಬಿಸಿಕೊಳ್ಳಿ ಎಂದರ್ಥ. ಭಾವ ಬೆಳೆದದ್ದು ಅಣೆಕಟ್ಟೆಯ ಕ್ವಾರ್ಟರ್ಸಿನಲ್ಲಿ. ಅಲ್ಲಿ "ನೀರು ಬಿಟ್ರು" ಎಂದರೆ ಗೇಟು ಎತ್ತಿ ಇದ್ದ ನೀರನ್ನು ಆಚೆಗೆ ಹರಿಸಿದರು ಎಂದರ್ಥ. ಇಂಜಿನ್ನಿನ ಎರಡೂ ಪಕ್ಕದ ತಿರುಪು ಬಿಚ್ಚಿ ಹಳೆಯ ನೀರು ಖಾಲಿ ಮಾಡಿದೆಯಾ ಎಂದು ಅವರು ಕೇಳಿದ್ದರು. ಹೊಸದನ್ನು ಒಳಕ್ಕೆ ಬಿಟ್ಟೆ ಎಂದು ನಾನು ಹೇಳಿದ್ದೆ. ತಣ್ಣಗಿರುವ ಇಂಜಿನ್ನು ತನ್ನೊಳಗಿನ ದಾರಿಯನ್ನು ಮುಚ್ಚಿಕೊಂಡಿರುತ್ತದೆ, ಬಿಸಿಯೇರಿದ ಮೇಲೆಯೇ ಅದು ತೆರೆಯುವುದು. ನಾನು ಅಷ್ಟು ಹೊತ್ತು ಓಡಿಸಿರಲೇ ಇಲ್ಲ. ಗುಲಾಬಿ ನೀರು ಪಕ್ಕದ ದಾರಿ ಹಿಡಿದು ಆಚೆ ಹೋಗಿತ್ತು, ಸಮುದ್ರದ ನೀರು ಇದ್ದಲ್ಲೇ ಇತ್ತು.

ಮರೀನಾದ ಮುದುಕ ಮೆಕ್ಯಾನಿಕ್ ಟಾರ್ಚು ಮತ್ತು ಪುಟ್ಟ ಕನ್ನಡಿ ಹಿಡಿದು ಬಂದ. ಕೈ ಹೋಗದ ಸಂದಿಗೆ ಕನ್ನಡಿ ತೂರಿಸಿ ತೋರಿಸಿದ. ಬಣ್ಣ ಎದ್ದು, ಗೇಣುದ್ದ ತುಕ್ಕಿನ ಗೆರೆ. ಇನ್ನೊಂದು ಪಕ್ಕದಲ್ಲೂ ಅಂಥದ್ದೇ. ಮೇಲಿನ ಬಣ್ಣ ಮಾತ್ರ ಬಿರಿದಿರಬಹುದು, ನೀರು ಹಾಯಿಸಿ ನೋಡೋಣ ಎಂದು ಅಂಗಲಾಚಿದೆ. ಹೋಸ್ ಸಿಕ್ಕಿಸಿ ಹಾಯಿಸಿದ. ಗೆರೆಯುದ್ದಕ್ಕೂ ಹನಿ ಬೆವರಿತು.

"ಬ್ಲಾಕ್ ಈಸ್ ಗಾನ್," ಎಂದ. ಇಂಜಿನ್ನಿನ ಒಡಲೇ ಸೀಳಿತ್ತು. ಬೇರೆ ಇಂಜಿನ್ ತರಿಸಿ ಕೂರಿಸಲು ಆಗಸ್ಟ್ ಆಗುತ್ತದಂತೆ. ನಾನು ಮೇ ತಿಂಗಳಿಗೆ ಎಳ್ಳುನೀರು ಬಿಟ್ಟು ಭಾವನ ಮನೆಗೆ ಹೊರಟೆ.

ಭಾವ ದಿಂಬಿಗೆ ಒರಗಿ ಕೂತಿದ್ದರು. ಅಕ್ಕ ಅವರ ಕಾಲ ಬಳಿ ಇದ್ದಳು.

"ಆಯಿಲ್‌ಗೆ ನೀರು ಸೇರಿದೆ ಭಾವ. ಬ್ಲಾಕ್ ಕ್ರ್ಯಾಕ್ ಆಗಿದೆ."

"ಯಾವ ಸೈಡು?"

"ಎರಡೂ."

ಒಂದೇ ಪಕ್ಕ ಎಂದಿದ್ದರೆ ಒಂದು ತಿರುಪು ಮರೆತ ಎನ್ನಬಹುದಿತ್ತು. ಎರಡೂ ಎಂದ ಮೇಲೆ ನಾನು ತಿರುಪಿಗೆ ಕೈಯನ್ನೇ ಹಾಕಿಲ್ಲವೆಂದು ಅವರಿಗೆ ಗೊತ್ತಾಯಿತು. ನನ್ನ ಮುಖ ನೋಡಿದರು.

"ಅದ್ಹೇಗಾಯ್ತು? ಯಾರ ತಪ್ಪು?" ಎಂದು ರೇಗಿದಳು ಅಕ್ಕ.

"ನಂದೇ ಕಣೇ," ಎಂದರು ಭಾವ. "ಹಳೇ ನೀರು ತೆಗೀಬೇಕು ಅಂತ ಇವನಿಗೆ ಹೇಳೋದನ್ನೇ ಮರೆತಿದೀನಿ. ಈ ಔಷಧಿಗೆ ತಲೇನೇ ಓಡ್ತಿಲ್ಲ."

ನಾನು ಬಾಯಿ ಬಿಡಲಿಲ್ಲ. ನಾಚಿಕೆಯಾಯಿತು, ಸುಳ್ಳಲ್ಲ, ಆದರೆ ಅದಕ್ಕಿಂತ ಹೆಚ್ಚಾಗಿ ಮೈ ಹಗುರಾಯಿತು. ಅಕ್ಕ ಕೊಟ್ಟ ಉಪ್ಪಿಟ್ಟು ತಿಂದೇ ಹೊರಟೆ.

ಭಾವ ಜೂನಿನಲ್ಲಿ ಹೋದರು. ಕರ್ಮಗಳೆಲ್ಲ ಮುಗಿದು, ಬಂದವರೆಲ್ಲ ಹೊರಟ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅಕ್ಕ ಮತ್ತು ನಾನು ಇಬ್ಬರೇ ಕಾಫಿ ಹಿಡಿದು ಕೂತಿದ್ದೆವು.

"ಕೊನೇ ವಾರ ಏನೇನೋ ಮಾತಾಡಿದ್ರು ಕಣೋ," ಎಂದಳು. "ನಿನ್ನ ಕಟ್ಕೊಂಡಿದ್ದು ನನ್ನ ಪುಣ್ಯ ಅಂದ್ರು. ಮೂರು ದಿನ ಅದನ್ನೇ ಹೇಳಿದ್ರು. ನಲವತ್ತು ವರ್ಷ ಸಾರು ಚೆನ್ನಾಗಿದೆ ಅಂತಲೂ ಬಾಯ್ಬಿಟ್ಟವರಲ್ಲ. ಬೋಟಿನ ನೀರು ಮರೆತಾಗಲೇ ನಂಗೆ ಗೊತ್ತಾಗಿತ್ತು, ತಲೆ ನೆಟ್ಟಗಿಲ್ಲ ಅಂತ. ಅದಕ್ಕೇ, ಆಯ್ತು ಆಯ್ತು, ಸುಮ್ನೆ ಮಲಕ್ಕೊಳ್ಳಿ ಅಂತಿದ್ದೆ."

ಆಗ ಹೇಳಿದೆ. ಭಾವ ಏನನ್ನೂ ಮರೆತಿರಲಿಲ್ಲ, ಫೋನ್ ಮಾಡಿ ಕೇಳಿದ್ದರು, ತಪ್ಪು ಉತ್ತರ ಕೊಟ್ಟವನು ನಾನು, ನನ್ನ ಮರ್ಯಾದೆ ಉಳಿಸಲು ತಮ್ಮ ಮೇಲೆ ಹಾಕಿಕೊಂಡರು ಎಂದೆ. ಅವರ ತಲೆ ನೆಟ್ಟಗೇ ಇತ್ತು ಎಂದೆ. ಇದರಿಂದ ಅವಳಿಗೆ ಸಮಾಧಾನವಾದೀತು ಎಂದೇ ನಾನು ಎಣಿಸಿದ್ದೆ.

ಅಕ್ಕ ಲೋಟ ಕೆಳಗಿಟ್ಟಳು. ಬೈಯಲಿಲ್ಲ.

"ಅವತ್ತೇ ಹೇಳಿದ್ದಿದ್ರೆ," ಎಂದಳು, "ನಾನೂ ಒಂದು ಮಾತು ತಿರುಗಿ ಹೇಳ್ತಿದ್ದೆನಲ್ಲೋ ಅವರಿಗೆ."