ಕಾಲು ಮಡಚಿ ಸುರಿದ ಜೇನು

ಇರುಳಿಗರ ಮಾರಕ್ಕನ ಬಾಯಿ ದೊಡ್ಡದು ಅಂತ ನೆಲಮಂಗಲದ ಸಂತೆಗೆಲ್ಲ ಗೊತ್ತಿತ್ತು. ಆ ಬಾಯಿಂದಲೇ ಒಂದು ಹಟ್ಟಿಯ ನೀರು ಉಳಿಯಿತು ಅನ್ನೋದು ಮಾತ್ರ ಸಂತೆಗೆ ಗೊತ್ತಿರಲಿಲ್ಲ.

ಶಿವಗಂಗೆ ಬೆಟ್ಟದ ಬೆನ್ನಿಗೆ ಹನ್ನೆರಡು ಗುಡಿಸಲು, ಒಂದು ಮೆಟ್ಟಿಲುಬಾವಿ. ಮಾರಕ್ಕ ಹುಟ್ಟಿದ್ದೂ ಅಲ್ಲೇ, ಮದುವೆಯಾಗಿದ್ದೂ ಅಲ್ಲೇ. ಗಂಡ ಬೈರಣ್ಣ ಜೇನು ಕೀಳುವವನು. ಜನ ಮೆಟ್ಟಿಲಿಳಿದು, ಮೊಣಕಾಲುದ್ದ ನೀರಲ್ಲಿ ನಿಂತು ಕೊಡ ತುಂಬೋರು. ಎರಡನೇ ಮಹಾಯುದ್ಧದ ಕಾಲ, ಸೀಮೆಎಣ್ಣೆಗೂ ಬರ. ಆ ವರ್ಷ ಬೈರಣ್ಣನ ಕಾಲಿಗೆ ನಾರುಹುಣ್ಣು ಎದ್ದಿತು. ಹುಣ್ಣಿಂದ ದಾರದಂಥ ಹುಳ ಇಣುಕಿತು. ಅದನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳಗಲ ಎಳೆಯುತ್ತಾ ಎರಡು ತಿಂಗಳು ಕೂತ. ಜೇನಿಲ್ಲ, ಬರೀ ಗೊಣಗಾಟ.

ಆಗ ಸೈಕಲ್ ತಳ್ಳಿಕೊಂಡು ಬಂದರು ಹೆಲ್ತ್ ಇನ್‌ಸ್ಪೆಕ್ಟರ್ ಶಫೀವುಲ್ಲಾ. "ಹುಣ್ಣಿನ ಕಾಲಿಂದ ಹುಳ ನೀರಿಗೆ, ನೀರಿಂದ ನಿಮ್ಮ ಹೊಟ್ಟೆಗೆ. ಈ ಬಾವಿ ಮುಚ್ಚಬೇಕು," ಅಂದರು.

ಕೆಳಗಿನ ಊರವರು ಇರುಳಿಗರಿಗೆ ಬಾವಿ ಮುಟ್ಟಗೊಡರು ಅನ್ನೋದು ಮಾರಕ್ಕನಿಗೆ ನೆನಪಾಯಿತು. ಬಾವಿ ಮುಚ್ಚಿದರೆ ಕೆಳಗಿನ ಊರಿನ ಬಾವಿಕಟ್ಟೆಯಾಚೆ ಕೊಡ ಇಟ್ಟು, ಅವರು ಮನಸ್ಸು ಬಂದಾಗ ಸುರಿದದ್ದನ್ನು ತುಂಬಿಕೊಳ್ಳಬೇಕು. ಅವಳಮ್ಮ ಒಂದು ಬೇಸಿಗೆ ಹಾಗೆ ಕಾದು ಕಾದು ಖಾಲಿ ಕೊಡ ಹೊತ್ತು ಬಂದಿದ್ದನ್ನು ಅವಳು ಮರೆತಿರಲಿಲ್ಲ.

"ಸ್ವಾಮಿ, ಒಂದು ವರ್ಸ ಕೊಡಿ. ಒಬ್ಬರ ಕಾಲೂ ನೀರು ಮುಟ್ಟಾಕಿಲ್ಲ. ಮುಟ್ಟಿದ್ರೆ ಮುಚ್ಚಿ, ಮಣ್ಣಿನ ಮಂಕರಿ ನಾನೇ ಹೊರ್ತೀನಿ."

"ಸರಿ, ಮುಂದಿನ ಯುಗಾದಿ ಮಾರನೇ ದಿನ ಬರ್ತೀನಿ. ಒಂದು ಹುಣ್ಣು ಕಂಡ್ರೂ, ಒಂದು ಕಾಲು ನೀರಲ್ಲಿ ಕಂಡ್ರೂ ಮುಚ್ಚಿಸ್ತೀನಿ," ಅಂದು ಹೋದರು.

ಹಟ್ಟಿ ಸೇರಿ, ಯಜಮಾನ ಅಪ್ಪಯ್ಯಣ್ಣನ ಮುಂದೆ ಕಟ್ಟಳೆಯಾಯಿತು. ಸೋರೆಬುರುಡೆಗೆ ಹಗ್ಗ ಕಟ್ಟಿ ಮೇಲಿಂದಲೇ ಸೇದಬೇಕು, ಬಟ್ಟೆಯಲ್ಲಿ ಸೋಸಬೇಕು. ಕಾಲಿಟ್ಟವರು ನಲವತ್ತು ಕಲ್ಲು ಹೊತ್ತು ತಂದು ಮೆಟ್ಟಿಲಿನ ಬಾಯಿಗೆ ಗೋಡೆ ಕಟ್ಟಬೇಕು. ಕಾವಲು ಮಾರಕ್ಕನದು. ಅಬ್ಬಬ್ಬಾ, ಏನು ಕಾವಲು! ಸ್ವಂತ ಅತ್ತೆಯ ತಲೆ ಮೇಲೂ ಕಲ್ಲು ಹೊರಿಸಿದಳು. "ಸೊಸೆ ಅಲ್ಲ, ಪೊಲೀಸು!" ಅಂತ ಮುದುಕಿ ಶಾಪ ಹಾಕುತ್ತಲೇ ಹೊತ್ತಳು. ಗೋಡೆ ಮಂಡಿಯೆತ್ತರಕ್ಕೆ ಬಂತು.

ಯುಗಾದಿ ಕಳೆಯಿತು. ಹೊಸ ಹುಣ್ಣಿಲ್ಲ. ಮಾರನೇ ದಿನ ಬೆಳಗ್ಗೆ ಬೈರಣ್ಣ ಬಂಡೆಗಿಳಿದು ವರ್ಷದ ಮೊದಲ ಜೇನು ತಂದ. ಅಲ್ಲೇ ಬಂತು ಫಜೀತಿ. ಮೊದಲ ಜೇನನ್ನು ಕಿತ್ತವನೇ ಅವತ್ತೇ ಬಾವಿಯಲ್ಲಿ ನಿಂತು ಗಂಗಮ್ಮನಿಗೆ ಸುರಿಯಬೇಕು, ಆಮೇಲೇ ಮಿಕ್ಕವರ ಬಾಯಿಗೆ. ತಲೆತಲಾಂತರದ ಪದ್ಧತಿ. ಇನ್‌ಸ್ಪೆಕ್ಟರು ಬರೋದೂ ಅವತ್ತೇ!

"ಒಂದು ಗಳಿಗೆ ಇಳಿದು ಬರ್ಲಿ ಬಿಡೇ," ಅಂದ ಅಪ್ಪಯ್ಯಣ್ಣ. "ಗಂಗಮ್ಮ ಮುನಿದ್ರೆ ಬಾವಿ ಬತ್ತೋಗ್ತದೆ."

ಮಾರಕ್ಕನಿಗೆ ಅಳುವೇ ಬಂತು. ಆದರೆ ಅತ್ತು ಕೂರೋ ಪೈಕಿ ಅಲ್ಲ ಅವಳು. ಗಂಡನ ಹೆಗಲ ಮೇಲಿದ್ದ ಹಗ್ಗ ನೋಡಿದಳು. "ಲೇ ಪಿಳ್ಳಪ್ಪ!" ಅಂತ ತಮ್ಮನನ್ನು ಕೂಗಿದಳು. ಜೇನುಬಂಡೆಗೆ ಇಳಿಯುವವನ ಹಗ್ಗ ಹಿಡಿಯೋದು ಯಾವಾಗಲೂ ಹೆಂಡತಿಯ ತಮ್ಮನೇ. ಅಕ್ಕನ ತಾಳಿ ಯಾವ ತಮ್ಮನಿಗೆ ಬೇಡ?

"ನಿಮ್ಮ ಭಾವ ಜೇನುಗೂಡಿನ ಮೇಲೆ ಕಾಲೂರಿ ಕೀಳ್ತಾನಾ? ನೇತಾಡ್ಕೊಂಡು ತಾನೇ? ಗಂಗಮ್ಮನ ಹತ್ರಕ್ಕೂ ಹಂಗೇ ಇಳಿಸು."

ಪಿಳ್ಳಪ್ಪ ಬಾವಿಯ ಮೇಲೆ ಚಾಚಿದ್ದ ಅತ್ತಿಕೊಂಬೆಗೆ ಹಗ್ಗ ಬಳಸಿ ಭಾವನನ್ನು ಇಳಿಬಿಟ್ಟ. ಬೈರಣ್ಣ ಎರಡೂ ಕಾಲು ಹೊಟ್ಟೆಗೆ ಮಡಚಿಕೊಂಡು, ಜೇನಿನ ಬುರುಡೆ ಹಿಡಿದು, ಗಿರಗಿರ ತಿರುಗಿದ.

"ಮೇಲೆತ್ತೋ, ಹಿಂದ್ಗಡೆ ನೆನೀತದೆ!"

"ಅದು ಕಾಲಲ್ಲ, ಪರವಾಗಿಲ್ಲ, ಸುರೀ!" ಅಂದಳು ಮಾರಕ್ಕ.

ಜೇನು ನೀರಿಗೆ ಬಿತ್ತು, ಹಟ್ಟಿಗೆ ಹಟ್ಟಿಯೇ ಬಿದ್ದು ಬಿದ್ದು ನಕ್ಕಿತು. ಹಿಂದೆ ಸೈಕಲ್ ಗಂಟೆ ಕೇಳಿಸಿತು. ಶಫೀವುಲ್ಲಾ ಬಾಯಿ ತೆರೆದು ನಿಂತಿದ್ದರು. ವಿಷಯ ಕೇಳಿ ಕಣ್ಣಲ್ಲಿ ನೀರು ಬರೋವರೆಗೂ ನಕ್ಕರು. ಒಬ್ಬೊಬ್ಬರ ಕಾಲನ್ನೂ ನೋಡಿದರು, ಒಂದು ಹುಣ್ಣಿಲ್ಲ. ಅರ್ಧ ಗೋಡೆ ದಾಟಿ, ಮೆಟ್ಟಿಲಿಳಿದು ನೀರು ನೋಡಿ, ಅಲ್ಲೇ ನಿಂತು ಪುಸ್ತಕದಲ್ಲಿ ಬರೆದು ಓದಿದರು: "ಈ ಬಾವಿ ಮುಚ್ಚಬೇಕಿಲ್ಲ. ಕಾಯುವವರಿದ್ದಾರೆ."

ಮಾರಕ್ಕ ಸೆರಗಿಂದ ಕಣ್ಣೊರೆಸಿಕೊಂಡಳು. ಒಂದು ವರ್ಷದ ಭಯ ಇಳಿದಿತ್ತು. ಆಮೇಲೆ ಕೆಳಗೆ ನೋಡಿದಳು.

"ಬರ್ದಿದ್ದು ಆಯ್ತಾ ಸ್ವಾಮಿ?"

"ಆಯ್ತಮ್ಮ."

"ಹಂಗಾದ್ರೆ ನಿಮ್ಮ ಬೂಟು ನೋಡ್ಕಳಿ. ನೀರಲ್ಲೈತೆ. ನಲವತ್ತು ಕಲ್ಲು. ಬೆಟ್ಟ ಆ ಕಡೆ."

ಸಾಹೇಬರು ಕೋಟು ಕಳಚಿ ಸೈಕಲ್‌ಗೆ ನೇತುಹಾಕಿದರು.