ಹೆಸರು ಕರೆಯುವ ಹೊತ್ತು

ಮಳೆಗಾಲ ಕಳೆಯಿತಲ್ಲ ಎಂದು ಪೆಟ್ಟಿಗೆಯಿಂದ ಕರಿ ಕಂಬಳಿ ತೆಗೆದು ತಾರಸಿಯಲ್ಲಿ ಒಣಹಾಕುತ್ತಿದ್ದೆ. ಕೊಡವಿದಾಗ ಉಣ್ಣೆಯ ವಾಸನೆ ಮೂಗಿಗೆ ಹತ್ತಿತು, ಕೈ ಅಲ್ಲಿಗೇ ನಿಂತಿತು. ಅಷ್ಟರಲ್ಲಿ ಕೆಳಗೆ ಫೋನ್ ಹೊಡೆದುಕೊಂಡಿತು. ಕೆಂಗೇರಿಯಿಂದ ತಂಗಿ ಶಾಂತಿ. "ಅಕ್ಕಾ, ದೊಡ್ಡಮ್ಮ ಹೋಗ್ಬಿಟ್ರು ಕಣೇ," ಅಂದಳು. ಅವಳ ಮನೆಯಲ್ಲೇ ಹಾಸಿಗೆ ಹಿಡಿದಿದ್ದ ದೊಡ್ಡಮ್ಮನನ್ನು ಹಿಂದಿನ ದಿನ ಹೋಗಿ ನೋಡಬೇಕಿತ್ತು, ನಾಳೆ ಹೋದರಾಯಿತು ಎಂದುಕೊಂಡು ಉಳಿದಿದ್ದೆ. ಶಾಂತಿ ಇನ್ನೊಂದು ಮಾತನ್ನೂ ಹೇಳಿದಳು. ಅದನ್ನು ಹೇಳಬೇಕಾದರೆ ಮೊದಲು ನಮ್ಮ ಹಳೇ ಮನೆಯ ಸಂಗತಿ ಹೇಳಬೇಕು.

ಎಪ್ಪತ್ತರ ದಶಕ. ರಾಜಾಜಿನಗರದಲ್ಲಿ ನಮ್ಮ ಬೀದಿ ಮುಗಿದ ಕಡೆ ಬೆಂಗಳೂರೂ ಮುಗಿಯುತ್ತಿತ್ತು. ಆಚೆಗೆ ರಾಗಿ ಹೊಲ, ಜಾಲಿ ಪೊದೆ, ನೀರು ತುಂಬಿದ ಒಂದು ಕಲ್ಲುಗುಂಡಿ. ಶಾಂತಿಯನ್ನು ಹೆತ್ತು ಅಮ್ಮ ತೀರಿಕೊಂಡ ಮೇಲೆ, ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಒಂದು ಟ್ರಂಕು ಮತ್ತು ಒಂದು ಪಟ ಹಿಡಿದು ನಮ್ಮ ಮನೆಗೆ ಬಂದರು. ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಸ್ವಾಮಿಯ ಪಟ ಅದು. ಕಟ್ಟಿನ ಗಾಜು ಒಂದು ಮೂಲೆಯಲ್ಲಿ ಸೀಳಿತ್ತು. ಅಪ್ಪ ಕಾರ್ಖಾನೆಯ ಎರಡನೇ ಪಾಳಿಗೆ ಹೋದ ದಿನಗಳಲ್ಲಿ, ದೀಪ ಹಚ್ಚುವ ಹೊತ್ತಿಗೆ ಪಟದ ಕೆಳಗೆ ಚಾಪೆ ಹಾಸಿ, ದೊಡ್ಡಮ್ಮ ಕಣ್ಣು ಮುಚ್ಚಿ ನಮ್ಮ ಹೆಸರು ಕರೆಯುತ್ತಿದ್ದರು. ಅಣ್ಣ ದಾನಿಯೇಲ, ನಾನು ಸಾರಾ, ಆಮೇಲೆ ಶಾಂತಿ. ಒಬ್ಬೊಬ್ಬರೂ "ಇದೀನಿ" ಅನ್ನಬೇಕು. ಅಂದ ಮೇಲೇ ಪ್ರಾರ್ಥನೆ. ಕುರುಬ ದೊಡ್ಡಿ ಬಾಗಿಲು ಹಾಕೋ ಮುಂಚೆ ಮಂದೆ ನೋಡ್ಕೋತಾನಲ್ಲ, ಹಂಗೆ ಇದು, ಅನ್ನುತ್ತಿದ್ದರು.

ನನಗೆ ಒಂಬತ್ತು, ಶಾಂತಿಗೆ ನಾಲ್ಕು. ಸಂಜೆ ಆಟಕ್ಕೆ ಹೋದರೆ ಅವಳ ಕೈ ಬಿಡಬಾರದು ಎಂಬುದು ನನಗಿದ್ದ ಒಂದೇ ಕಟ್ಟಪ್ಪಣೆ. ಆ ದಿನ ಕುಂಟೆಬಿಲ್ಲೆಯಲ್ಲಿ ಗೆಲ್ಲುತ್ತಿದ್ದೆ. ಅವಳನ್ನು ಕಲ್ಲಿನ ಮೇಲೆ ಕೂರಿಸಿ ಆಡಿದೆ. ಆಗಲೇ ಬೀರಣ್ಣನ ಕುರಿಮಂದೆ ಬೀದಿಯಲ್ಲಿ ಹಾದುಹೋಯಿತು. ಗೊಬ್ಬರವಾಗಲಿ ಎಂದು ಹೊಲದವರು ರಾತ್ರಿ ಮಂದೆಯನ್ನು ತಮ್ಮ ಹೊಲದಲ್ಲೇ ನಿಲ್ಲಿಸಿಕೊಳ್ಳುತ್ತಿದ್ದರು. ಬೀರಣ್ಣ ದಿನಾ ಅದೇ ಹೊತ್ತಿಗೆ ಹೊಡೆದುಕೊಂಡು ಹೋಗುತ್ತಿದ್ದ. ಧೂಳು ಇಳಿದಾಗ ಕಲ್ಲು ಖಾಲಿಯಿತ್ತು.

ಎರಡು ಬೀದಿ ಓಡಿ ನೋಡಿದೆ. ಇಲ್ಲ. ಮನೆಗೆ ಹೋಗಿರುತ್ತಾಳೆ ಎಂದು ಬಂದರೆ, ಚಾಪೆ ಹಾಸಿಯಾಗಿತ್ತು, ದೊಡ್ಡಮ್ಮ ಕಣ್ಣು ಮುಚ್ಚಿ ಕೂತಿದ್ದರು. ದಾನಿ "ಇದೀನಿ" ಅಂದ. ನಾನೂ ಅಂದೆ. "ಶಾಂತಿ," ಎಂದು ಕರೆದರು. ಈಗ ಬರುತ್ತಾಳೆ, ಇನ್ನೇನು ಬಾಗಿಲಲ್ಲಿ ಕಾಣಿಸುತ್ತಾಳೆ ಎಂಬ ಆಸೆ ಒಂದು ಕಡೆ, ಭಯ ಒಂದು ಕಡೆ. ಅವಳ ಎಳೇ ದನಿಯನ್ನೇ ತಂದುಕೊಂಡು ನಾನೇ "ಇದೀನಿ" ಅಂದುಬಿಟ್ಟೆ.

ದಾನಿ ಒಂದು ಕಣ್ಣು ತೆರೆದು ನನ್ನನ್ನು ನೋಡಿದ. ತೊಡೆಗೆ ಚಿವುಟಿದ. ಪ್ರಾರ್ಥನೆ ಶುರುವಾಗಿತ್ತು, ದೊಡ್ಡಮ್ಮನ ಪ್ರಾರ್ಥನೆಗೆ ಅವಸರವೆಂಬುದೇ ಇರಲಿಲ್ಲ. ಮಳೆ ಕೊಟ್ಟದ್ದಕ್ಕೆ, ಸೀಮೆಎಣ್ಣೆ ಸಿಕ್ಕಿದ್ದಕ್ಕೆ, ಅಪ್ಪನ ಕೆಮ್ಮು ಇಳಿದದ್ದಕ್ಕೆ. ಹೊರಗೆ ಬೆಳಕು ಇಳಿಯುತ್ತಿತ್ತು. ಕಿಟಕಿಯ ಸರಳು ಕಾಣದಾಗುತ್ತಾ ಬಂತು. ನನ್ನ ಕಣ್ಣಮುಂದೆ ಇದ್ದದ್ದು ಆ ಕಲ್ಲುಗುಂಡಿ ಒಂದೇ. "ಮೂರೂ ಮರಿಗಳನ್ನ ಇವತ್ತೂ ದೊಡ್ಡಿಗೆ ಸೇರಿಸಿದ್ದಕ್ಕೆ ಸ್ತೋತ್ರ ಸ್ವಾಮಿ," ಅಂದರು ದೊಡ್ಡಮ್ಮ.

"ಎರಡೇ ದೊಡ್ಡಮ್ಮ," ಅಂದೆ. "ಅವಳು ಇಲ್ಲ. ನಾನೇ ಅಂದಿದ್ದು."

ದೊಡ್ಡಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. "ಎಲ್ಲಿ ಬಿಟ್ಟೆ?" ಎಂದಷ್ಟೇ ಕೇಳಿ, ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದರು. ಪಕ್ಕದ ಮನೆಯ ಗೌರಮ್ಮ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಾ ಹೊರಬಂದು, "ಗುಂಡಿ ಕಡೆ ನೋಡಿದ್ರಾ?" ಎಂದವರು, ಅಂದದ್ದು ತಪ್ಪಾಯಿತೆಂಬಂತೆ ಬಾಯಿಗೆ ಸೆರಗು ಹಿಡಿದರು. ನಾವು ಅತ್ತಲೇ ಓಡಿದೆವು. ದೊಡ್ಡಮ್ಮ ಗುಂಡಿಯ ಅಂಚಿನಲ್ಲಿ ನಿಂತು ನೀರಿನ ಕಡೆಗೇ ಹೆಸರು ಕರೆದರು. ಒಂದು ಸಲ, ಎರಡು ಸಲ.

ಆಗ ಹೊಲದ ಕಡೆಯಿಂದ ಕುರಿಗಳ ಸದ್ದು ಬಂತು. ಸಂಜೆ ಅತ್ತ ಹೋದ ಮಂದೆ ತಿರುಗಿ ಇತ್ತ ಬರುವುದನ್ನು ನಾವು ಯಾವತ್ತೂ ನೋಡಿರಲಿಲ್ಲ. ಧೂಳಿನ ಮಧ್ಯೆ ಬೀರಣ್ಣ, ಅವನ ಹೆಗಲಿಗೆ ಒರಗಿ, ಕಂಬಳಿಯಲ್ಲಿ ಮೂಗು ಹುದುಗಿಸಿ ಶಾಂತಿ ನಿದ್ದೆ ಹೋಗಿದ್ದಳು.

"ನಿಮ್ ಮಗೀನಾ ತಾಯಿ? ಮರಿಗಳ ಜತೆ ಸೇರ್ಕೊಂಬುಟ್ಟಿತ್ತು. ಹೊಲಕ್ಕೋಗಿ ನೋಡ್ಕಂಡಾಗ ಒಂದು ಹೆಚ್ಚಾಗೈತೆ," ಎಂದು ನಕ್ಕ.

ದೊಡ್ಡಮ್ಮ ಮಗುವನ್ನು ಎದೆಗೆ ಅವುಚಿಕೊಂಡು, ಸುತ್ತ ನಿಂತ ಕುರಿಗಳನ್ನು ನೋಡಿದರು. "ಇವನ್ನೆಲ್ಲಾ ಯಾಕಪ್ಪಾ ತಿರುಗಿ ಹೊಡ್ಕೊಂಡು ಬಂದೆ?"

"ಬುಟ್ಟು ಬರಕ್ಕಾಯ್ತದಾ ತಾಯಿ? ನಾಯಿ ಬಿದ್ದಾವು. ಒಂದ್ ಉಳಿಸಕ್ಕೋಗಿ ಮಿಕ್ಕಿದ್ದು ಕಳ್ಕಂಡ್ರೆ ನಾನೆಂಥಾ ಕುರುಬ?"

ಕಾಫಿ ಕುಡಿದು ಹೋಗು ಎಂದರೂ ನಿಲ್ಲಲಿಲ್ಲ. ಪಟದ ಸ್ವಾಮಿ ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು, ಕಳೆದುಹೋದ ಒಂದನ್ನು ಹುಡುಕಿ ಹೋದ ಕಥೆಯನ್ನು ನಮಗೆ ಅದೆಷ್ಟು ಸಲ ಹೇಳಿದ್ದರೋ ದೊಡ್ಡಮ್ಮ. ಮನೆಗೆ ಬಂದು ಪಟದ ಮುಂದೆ ನಿಂತು, "ಆ ತೊಂಬತ್ತೊಂಬತ್ತನ್ನ ನೀನೂ ಸುಮ್ಮನೆ ಬಿಟ್ಟಿರಲ್ಲ ಬಿಡು, ಯಾರಿಗಾದ್ರೂ ಒಪ್ಪಿಸೇ ಹೋಗಿರ್ತೀಯ," ಅಂದರು. ನೆಂಟರೊಬ್ಬರ ಜೊತೆ ಮಾತಾಡಿದ ಹಾಗಿತ್ತು.

ಮಾರನೆಯ ಸಂಜೆಯಿಂದ ದೊಡ್ಡಮ್ಮ ಕಣ್ಣು ತೆರೆದೇ ಹೆಸರು ಕರೆಯತೊಡಗಿದರು. ಆ ನೋಟ ನನ್ನ ಮೇಲೆ ಬಂದು ನಿಂತಾಗ ನಾನು ಚಾಪೆಯ ಅಂಚನ್ನೇ ನೋಡುತ್ತಿದ್ದೆ. ಎಷ್ಟೋ ವಾರಗಳಾದ ಮೇಲೆ ಒಂದು ಸಂಜೆ ಮತ್ತೆ ಕಣ್ಣು ಮುಚ್ಚಿ ಕರೆದರು. ಆ ಬಾಲ್ಯದಲ್ಲಿ ನನಗೆ ಸಿಕ್ಕ ದೊಡ್ಡ ಉಪಕಾರ ಯಾವುದು ಎಂದರೆ ಅದನ್ನೇ ಹೇಳುತ್ತೇನೆ.

ಆ ಮನೆ ಈಗಿಲ್ಲ. ಹೊಲವಿಲ್ಲ, ಗುಂಡಿ ಎಲ್ಲಿತ್ತೆಂದು ತೋರಿಸಲೂ ನನಗೆ ಬಾರದು. ಅಪ್ಪ ಹೋದರು, ದಾನಿಯೂ ಹೋದ.

ಶಾಂತಿ ಫೋನಿನಲ್ಲಿ ಹೇಳಿದ್ದು ಇಷ್ಟು. "ನಿನ್ನೆ ಸಂಜೆ ಕಣ್ಣು ಮುಚ್ಚಿಕೊಂಡೇ ಹೆಸರು ಕರೆದ್ರು ಅಕ್ಕಾ. ದಾನಿ ಅಂದ್ರು, ಸುಮ್ಮನಾದ್ರು. ಆಮೇಲೆ ಸಾರಾ ಅಂದ್ರು. ಕಾಯ್ತಾ ಇದ್ರು. ನೋಡೋಕಾಗ್ಲಿಲ್ಲ ಕಣೇ. ನಿನ್ನ ದನೀಲಿ ನಾನೇ 'ಇದೀನಿ' ಅಂದೆ. ತಪ್ಪಾಯ್ತಾ?"

"ಇಲ್ಲ ಬಿಡು," ಅಂದೆ. ಮೇಲೆ ಹೋಗಿ ಕಂಬಳಿಯ ಇನ್ನೊಂದು ಮಗ್ಗುಲು ಬಿಸಿಲಿಗೆ ತಿರುಗಿಸಿ ಹಾಕಿದೆ.